ದೊಡ್ಡಸ್ವಾಮಿಯವರ ಲೆಕ್ಕ

ಕೋಲಾರದಲ್ಲಿ ಕೋಲಾರಮ್ಮನ ಗುಡಿಯಿದೆ, ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯಿದೆ, ಮೆಥಡಿಸ್ಟ್ ಮಿಷನ್ನಿನ ಹಳೆಯ ಆಸ್ಪತ್ರೆಯಿದೆ. ಮುಳಬಾಗಿಲಿಗೆ ಹೋದರೆ ಆಂಜನೇಯನಿಗೂ ಶ್ರೀಪಾದರಾಜರ ಮಠಕ್ಕೂ ಹೈದರ್ ವಲಿಯ ದರ್ಗಾಕ್ಕೂ ಜನ ನಡೆದುಕೊಳ್ಳುತ್ತಾರೆ. ದೇವರುಗಳು ಹೀಗೆ ನೆರೆಹೊರೆಯವರಾಗಿ ಬಾಳುವ ಸೀಮೆಯಲ್ಲಿಯೂ, ಮನುಷ್ಯನೊಬ್ಬನು ದೇವರನ್ನು ಬದಲಿಸಿಕೊಂಡನೆಂದರೆ ಊರೆಲ್ಲ ಬೆಚ್ಚಿಬೀಳುತ್ತದೆ. ಬದಲಿಸಿದ್ದು ಮನಸ್ಸೋ, ಭಯವೋ, ಹಸಿವೋ ಎಂದು ವಿಚಾರಿಸುವ ತಾಳ್ಮೆ ಮಾತ್ರ ಬಹಳ ಮಂದಿಗೆ ಇರುವುದಿಲ್ಲ.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಮೈಸೂರನ್ನು ಆಳಿದಾಗ ಪ್ರಜೆಗಳಲ್ಲಿ ಬಹುಪಾಲು ಹಿಂದೂಗಳು. ಅಧಿಕಾರ ಮುಸಲ್ಮಾನನ ಕೈಯಲ್ಲಿತ್ತು. ಅವನ ಸೈನ್ಯದಲ್ಲಿ ಕ್ರೈಸ್ತರೂ ಇದ್ದರು. 1779ರಲ್ಲಿ ಮದರಾಸಿನ ಆಂಗ್ಲ ಸರ್ಕಾರದ ಪರವಾಗಿ ಶ್ರೀರಂಗಪಟ್ಟಣಕ್ಕೆ ಬಂದ ಜರ್ಮನ್ ಪಾದ್ರಿ ಶ್ವಾರ್ಟ್ಸ್ ಅವರನ್ನು ಹೈದರನು ಗೌರವದಿಂದಲೇ ಕಂಡನು. ದಾರಿಯ ಖರ್ಚಿಗೆಂದು ಅವನು ಕೊಟ್ಟ ಹಣವನ್ನು ಪಾದ್ರಿಗಳು ತಮ್ಮದಾಗಿಸಿಕೊಳ್ಳದೆ ಅನಾಥ ಮಕ್ಕಳ ಶಾಲೆಗೆ ಮೀಸಲಿಟ್ಟರು.

ಐದು ವರ್ಷಗಳ ಬಳಿಕ ಅದೇ ರಾಜಧಾನಿಯಿಂದ ಬೇರೆಯೇ ಆಜ್ಞೆ ಹೊರಟಿತು. ಎರಡನೆಯ ಮೈಸೂರು ಯುದ್ಧದಲ್ಲಿ ಕೆನರಾದ ಕ್ಯಾಥೊಲಿಕರು ಇಂಗ್ಲಿಷರಿಗೆ ನೆರವಾದರೆಂದು ಬಗೆದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಹಲವು ಇಗರ್ಜಿಗಳು ನೆಲಸಮವಾದವು. ಸೆರೆಯಾದವರು 30,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ. ದಾರಿಯಲ್ಲಿಯೇ ಅನೇಕರು ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿಗೆ ಬಲವಂತದ ಸುನ್ನತಿಯಾಯಿತು. ಇದೇ ಟಿಪ್ಪು, 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಗೈದಾಗ ಮಠಕ್ಕೆ ನೆರವು ಕಳುಹಿಸಿದನು. ತಂದೆ ಮಗನ ಮತ ಒಂದೇ, ಮಗನೂ ಒಬ್ಬನೇ. ರಾಜಕಾರಣದ ಗಾಳಿ ಬೀಸಿದತ್ತ ಕೃಪೆಯೂ ಕ್ರೌರ್ಯವೂ ಬಾಗಿದವು.

1799ರ ಮೇ 4ರಂದು ಟಿಪ್ಪು ಮಡಿದನು. ಬಳಿಕ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಈ ನೆಲದ ಉಡುಗೆಯುಟ್ಟು, ಮುಂಡಾಸು ಸುತ್ತಿ, ಸಸ್ಯಾಹಾರ ಹಿಡಿದು ಹಳ್ಳಿಹಳ್ಳಿ ತಿರುಗಿದ ಅವರನ್ನು ಜನ ‘ದೊಡ್ಡಸ್ವಾಮಿಯೋರು’ ಎಂದು ಕರೆದರು. ಸೆರೆಯಿಂದ ಬಿಡುಗಡೆಯಾದವರು ಬಂದು ಅವರ ಮುಂದೆ ನಿಂತರು. ಬದಲಾದದ್ದು ಹೊರಗಿನ ವೇಷ, ಒಳಗಿನ ನಂಬಿಕೆಯಲ್ಲ ಎಂಬುದು ಅವರ ಅಹವಾಲು. ತಮ್ಮ ಬಳಿಗೆ ಬಂದವರು ಸುಮಾರು 2,000, ಮಂಗಳೂರು ಸೀಮೆಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡವರು ಸುಮಾರು 20,000 ಎಂದು ದುಬುವಾ ಬರೆದಿಟ್ಟರು. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ನಂಬಿಕೆಗಾಗಿ ಪ್ರಾಣ ಕೊಡಲಿಲ್ಲವಲ್ಲ ಎಂದು ನಾಚಿಕೆಪಟ್ಟೂ ಬರೆದರು.

ಕತ್ತಿಯ ಕೆಳಗೆ ಕುತ್ತಿಗೆ ಇಡದವರಿಗೆ ಆ ನಾಚಿಕೆ ಸುಲಭ. ಕೂಸನ್ನು ಕಂಕುಳಲ್ಲಿಟ್ಟು ಘಟ್ಟ ಹತ್ತಿದ ತಾಯಿಗೆ, ಹುತಾತ್ಮಳಾಗುವುದಕ್ಕಿಂತ ಆ ಕೂಸನ್ನು ಉಳಿಸಿಕೊಳ್ಳುವುದೇ ದೊಡ್ಡ ಧರ್ಮವಾಗಿ ಕಂಡಿದ್ದರೆ, ಅದನ್ನು ಹೇಡಿತನವೆನ್ನಲು ಯಾರಿಗೆ ಬಾಯಿ ಬಂದೀತು? ಹದಿನೈದು ವರ್ಷ ತುಟಿ ಕಚ್ಚಿ ಕಾದು, ಬಾಗಿಲು ತೆರೆದೊಡನೆ ಹಿಂದಿರುಗಿದ್ದೂ ಒಂದು ಬಗೆಯ ಸಾಕ್ಷ್ಯವೇ.

ಆದರೆ ದುಬುವಾ ಅವರ ಪ್ರಾಮಾಣಿಕತೆ ಇನ್ನೊಂದು ಲೆಕ್ಕದಲ್ಲಿ ಕಾಣುತ್ತದೆ. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ತಮ್ಮ ಇಷ್ಟು ವರ್ಷಗಳ ದುಡಿಮೆಯಿಂದ ಹೊಸದಾಗಿ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಹೆಚ್ಚಿನವರು ದಿಕ್ಕಿಲ್ಲದೆಯೋ ಮದುವೆ ಸಂಬಂಧ ಕೂಡೀತೆಂದೋ ಬಂದವರೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅವರ ಉಸ್ತುವಾರಿಯಲ್ಲಿ ಸಿಡುಬಿಗೆ ದೇವಿ ಹಾಕಿಸಿಕೊಂಡವರಾದರೋ 25,000ಕ್ಕೂ ಮೇಲು. ದೇವಿ ಹಾಕಿಸಿಕೊಂಡ ಅಷ್ಟು ಜನ ದೇವರನ್ನು ಬದಲಿಸಲಿಲ್ಲ. ಆದರೂ ದೊಡ್ಡಸ್ವಾಮಿಗಳ ಬಾಳಿನಲ್ಲಿ ಯಾವ ಸಂಖ್ಯೆ ದೊಡ್ಡದೆಂದು ಹೇಳಬೇಕಾಗಿಲ್ಲ.

ಭಯದ ಕಾಲ ಕಳೆದ ಮೇಲೆ ಹಸಿವಿನ ಕಾಲ ಬಂದಿತು. 1876–78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಮೈಸೂರು ಸಂಸ್ಥಾನದಲ್ಲಿ ಲಕ್ಷೋಪಲಕ್ಷ ಜನ ಸತ್ತರು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆ ತಬ್ಬಲಿ ಮಕ್ಕಳನ್ನು ಸಾಕಿದರು. ಮಕ್ಕಳು ಕ್ರೈಸ್ತರಾಗಿ ಬೆಳೆದರು. 1890ರಲ್ಲಿ ಅವರ ಕಾರ್ಯ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈಸೇರಿತು. 1910ರಲ್ಲಿ ಆಸ್ಪತ್ರೆ ಹುಟ್ಟಿತು. ಗಂಜಿಗಾಗಿ ಮತವನ್ನು ಮಾರಿಕೊಂಡರೆಂದು ಹಂಗಿಸುವವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಮಗು ಬೀದಿಯಲ್ಲಿ ಬಿದ್ದಿದ್ದಾಗ ಹುಟ್ಟಿದ ಮತದವರು ಯಾರೂ ಏಕೆ ಎತ್ತಿಕೊಳ್ಳಲಿಲ್ಲ? ಗಂಜಿ ಇಟ್ಟವರೂ ಒಂದಕ್ಕೆ ಉತ್ತರ ಹೇಳಬೇಕು: ಹಸಿದ ಕೂಸಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಇದ್ದಿತೇ?

1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯು ಪ್ರತಿಯೊಬ್ಬನಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಕಾಯಿದೆ ಅಷ್ಟನ್ನು ಮಾತ್ರ ಮಾಡಬಲ್ಲದು. ಭಯವಿಲ್ಲದ ಊರು, ಹಸಿವಿಲ್ಲದ ಕೇರಿ ಇವೆರಡನ್ನೂ ಒದಗಿಸುವ ಭಾರ ಜನರದು. ಅವು ಒದಗಿದ ದಿನ ಒಬ್ಬನು ತನ್ನ ದೇವರನ್ನು ಬಿಡಲಿ, ಹಿಡಿಯಲಿ, ನಿಂತಲ್ಲೇ ನಿಲ್ಲಲಿ, ಆ ನಿರ್ಧಾರ ಅವನದೇ ಎಂದು ನೆರೆಯವರು ನಂಬಬಹುದು.