ಅಪ್ಪನ ಸೈಟು ಮತ್ತು ನನ್ನ ಟ್ರೇಸಿಂಗ್ ಹಾಳೆ

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. ಆರ್ಕಿಟೆಕ್ಚರ್ ಕೊನೇ ವರ್ಷ. "ಮಾಮ, ಮುಂದೆ ಎನ್ವಿರಾನ್ಮೆಂಟಲ್ ಪ್ಲಾನಿಂಗ್ ಮಾಡೋಣ ಅಂದ್ಕೊಂಡಿದೀನಿ. ನೀನೂ ಅದನ್ನೇ ಓದಿದ್ದಲ್ವಾ? ಅದ್ರಲ್ಲಿ ಏನು ಹೇಳಿಕೊಡ್ತಾರೆ?" ಅಂದಳು.

ನಾನು ದೆಹಲಿಗೆ ಓದಲು ಹೊರಟಿದ್ದು 2008ರಲ್ಲಿ. ಆಗ ಇದೇ ಪ್ರಶ್ನೆ ಕೇಳದ ನೆಂಟರಿಲ್ಲ. "ಇಂಜಿನಿಯರಿಂಗ್ ಓದಿ ಗಿಡ ನೆಡೋಕೆ ಹೋಗ್ತಿದೀಯಾ?" ಅಂತ ಒಬ್ಬ ಚಿಕ್ಕಪ್ಪ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಕೇಳಿದ್ದರು. ಹೌದು ಅಂದುಬಿಟ್ಟಿದ್ದೆ. ವಿವರಿಸೋದಕ್ಕಿಂತ ಅದೇ ಸುಲಭವಾಗಿತ್ತು :-)

ಸೋದರ ಸೊಸೆಗೆ ಹಾಗೆ ಹೇಳೋಕಾಗಲಿಲ್ಲ. ಅರ್ಧ ಗಂಟೆ ಏನೇನೋ ಹೇಳಿದೆ. ಒಂದು ವಿಷಯ ಮಾತ್ರ ಹೇಳದೇ ಉಳಿಸಿಕೊಂಡೆ. ಅದನ್ನು ಇಲ್ಲಿ ಬರೀತಿದೀನಿ. ಅವಳೂ ಓದಲಿ.

ನಾನು ಓದಿದ್ದು ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ. ಐಟಿಓ ಹತ್ತಿರ, ಯಮುನೆಗೆ ಹೆಚ್ಚು ದೂರವಿಲ್ಲ. ಆಗ ನದಿಯ ಆಚೆ ದಡದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕ್ರೀಡಾಗ್ರಾಮ ಕಟ್ಟುತ್ತಿದ್ದರು. ಅದು ನದಿಯ ನೆರೆಬಯಲೋ ಅಲ್ಲವೋ ಅಂತ ಕೋರ್ಟಿನಲ್ಲಿ ವಾದ ನಡೆದಿತ್ತು. ನಾವು ತರಗತಿಯಲ್ಲಿ ನೆರೆಬಯಲು ಅಂದರೇನು ಅಂತ ಓದಿ, ಹೊರಗೆ ಬಂದು ಅಲ್ಲೇ ಏಳುತ್ತಿದ್ದ ಕಂಬಗಳನ್ನು ನೋಡುತ್ತಿದ್ದೆವು. ಬೆಂಗಳೂರಿನವನಾದ ನನಗೆ ಅದು ಹೊಸದೇನಾಗಿರಲಿಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮವೂ ಕೆರೆಯಂಗಳದ್ದೇ. ಕ್ರೀಡಾಪಟುಗಳಿಗೆ ನೀರಿನ ಜಾಗ ಅಂದರೆ ಅದೇನು ಪ್ರೀತಿಯೋ!

ನಮಗೆ ಮೊದಲು ಕಲಿಸಿದ ಹೆಸರುಗಳಲ್ಲಿ ಎರಡು ಚೆನ್ನಾಗಿ ನೆನಪಿವೆ. ಇಬ್ಬರೂ ಸ್ಕಾಟ್ಲೆಂಡಿನವರು. ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು, ಊರೂರು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದವನು. ಮೊದಲು ಊರನ್ನು ನೋಡು, ಆಮೇಲೆ ಯೋಜನೆ ಮಾಡು ಅನ್ನೋದು ಅವನ ಪಾಠ. ಸೊಳ್ಳೆ ಕಾಟ ಅಂತ ಕೆರೆ ಬಾವಿ ಮುಚ್ಚಬೇಡಿ, ಚೊಕ್ಕಟ ಮಾಡಿ ಮೀನು ಬಿಡಿ ಅಂತ ನೂರು ವರ್ಷದ ಹಿಂದೆಯೇ ಹೇಳಿದ ಪುಣ್ಯಾತ್ಮ. ಇನ್ನೊಬ್ಬ ಇಯಾನ್ ಮೆಕ್‌ಹಾರ್ಗ್. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವನು. 1969ರಲ್ಲಿ 'ಡಿಸೈನ್ ವಿತ್ ನೇಚರ್' ಅನ್ನೋ ಪುಸ್ತಕ ಬರೆದ. ಅವನ ವಿಧಾನ ಬಹಳ ಸರಳ. ಒಂದು ಪಾರದರ್ಶಕ ಹಾಳೆಯಲ್ಲಿ ಇಳಿಜಾರು, ಇನ್ನೊಂದರಲ್ಲಿ ಮಣ್ಣು, ಮತ್ತೊಂದರಲ್ಲಿ ನೀರು, ಕಾಡು.. ಎಲ್ಲಿ ಮುಟ್ಟಬಾರದೋ ಅಲ್ಲಿ ಗಾಢ ಬಣ್ಣ. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣೋದೇ ಕಟ್ಟಬಹುದಾದ ಜಾಗ. ಈಗ ಇದನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತೆ. ನಮ್ಮ ಕೈಯಲ್ಲಿ ಮೊದಲು ಟ್ರೇಸಿಂಗ್ ಪೇಪರ್ ಮೇಲೇ ಮಾಡಿಸಿದರು.

2009ರಲ್ಲಿ ಸ್ಟುಡಿಯೋ ಕೆಲಸಕ್ಕೆ "ನಿಮಗೆ ಗೊತ್ತಿರೋ ಒಂದು ಜಲಾನಯನ ತಗೊಳ್ಳಿ" ಅಂದರು. ನಾನು ನಮ್ಮ ಮನೆಯ ಸುತ್ತಮುತ್ತ ಆರಿಸಿಕೊಂಡೆ. ಬೆಂಗಳೂರಿನ ಪೂರ್ವಕ್ಕೆ, ಬೆಳ್ಳಂದೂರಿನ ಕಡೆ.

ಅಪ್ಪ ಚಿಂತಾಮಣಿ ತಾಲ್ಲೂಕಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. 2000ದಲ್ಲಿ ರಿಟೈರ್ ಆಗಿ, ಬಂದ ದುಡ್ಡಿನಲ್ಲಿ ಅಲ್ಲೊಂದು ಮೂವತ್ತು-ನಲವತ್ತರ ರೆವಿನ್ಯೂ ಸೈಟು ತಗೊಂಡು, ಎರಡು ವರ್ಷಕ್ಕೆ ಮನೆ ಕಟ್ಟಿಸಿದ್ದರು. ಹಿತ್ತಲಲ್ಲಿ ಅಮ್ಮನ ಬಟ್ಟೆ ಒಗೆಯೋ ಕಲ್ಲು, ಒಂದು ಶೀಟಿನ ಕೋಣೆ, ಕಾಂಪೌಂಡು. ಅದರಾಚೆ ಚರಂಡಿ.

ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ ಅಂತ ನಿಮಗೆ ಗೊತ್ತು. ಊರು ಕೂತಿರೋದು ದಿಣ್ಣೆಯ ಮೇಲೆ. ನೀರು ಮೂರು ಕಡೆ ಇಳಿಯುತ್ತೆ: ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಹಿಂದಿನವರು ಈ ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ಕೆರೆ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಹೋದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಆ ಕಾಲುವೆಯೇ ರಾಜಕಾಲುವೆ. ಕೆರೆ ಉಳಿದು ಕಾಲುವೆ ಹೋದರೆ, ಸರಪಳಿಯ ಕೊಂಡಿ ಬಿಚ್ಚಿದ ಹಾಗೆ.

57 ಎಚ್/9 ಟೋಪೋಶೀಟ್ ತಂದೆ. ಹಳೇ ಗ್ರಾಮನಕ್ಷೆ ಹುಡುಕಿ ಅದರ ಕಾಲುವೆ, ಗುಂಡುತೋಪು, ಖರಾಬು ಎಲ್ಲ ಟ್ರೇಸ್ ಮಾಡಿದೆ. ಈಗಿನ ಬಡಾವಣೆಯ ರಸ್ತೆಗಳನ್ನು ಅದೇ ಅಳತೆಗೆ ಇನ್ನೊಂದು ಹಾಳೆಯಲ್ಲಿ ಎಳೆದು, ಹಾಸ್ಟೆಲಿನ ಕಿಟಕಿ ಗಾಜಿಗೆ ಎರಡನ್ನೂ ಅಂಟಿಸಿದೆ.

ಕಾಲುವೆಯ ಜೋಡಿ ಗೆರೆ ನಮ್ಮ ಹಿತ್ತಲನ್ನು ಹಾದುಹೋಗಿತ್ತು.

ಗ್ರಾಮನಕ್ಷೆಯ ಅಳತೆ 1:7920. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು ಎಂಟು ಮೀಟರ್. ನಮ್ಮ ಸೈಟಿನ ಅಗಲ ಒಂಬತ್ತು. ನನ್ನ ಪೆನ್ಸಿಲ್ ಒಂದು ಕೂದಲೆಳೆ ಜಾರಿದ್ದರೂ ಗೆರೆ ಪಕ್ಕದ ಮನೆಗೆ ಹೋಗುತ್ತಿತ್ತು. ಹಾಗಾಗಿ ಮತ್ತೆ ಎಳೆದೆ. ಮೂರು ಸಲ. ಮೂರು ಸಲವೂ ಅಮ್ಮನ ಒಗೆಯೋ ಕಲ್ಲಿನ ಹತ್ತಿರಕ್ಕೇ ಬಂತು. ಆಚೆಗಿದ್ದ ಎರಡಡಿ ಚರಂಡಿ ಆ ಕಾಲುವೆಯಲ್ಲಿ ಉಳಿದ ಚೂರು.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಅಧ್ಯಯನದ ಗಡಿಯನ್ನು ನಮ್ಮ ಬಡಾವಣೆಗಿಂತ ಸ್ವಲ್ಪ ಮೇಲಕ್ಕೇ ನಿಲ್ಲಿಸಿಬಿಟ್ಟೆ. ಹಾಳೆಯ ಆ ಮೂಲೆ ಕತ್ತರಿಸಿದೆ. ಜ್ಯೂರಿ ದಿನ ಮೇಡಂ ಒಬ್ಬರು ನಕ್ಷೆ ನೋಡಿ, "ಜಲಾನಯನದ ಗಡಿ ದಿಣ್ಣೆಯ ಮೇಲೆ ಹೋಗಬೇಕು. ಇಲ್ಲಿ ಮಾತ್ರ ಸ್ಕೇಲು ಇಟ್ಟು ಗೆರೆ ಎಳೆದಿದೀಯ. ನೀರು ಹೀಗೆ ನೇರವಾಗಿ ನಿಲ್ಲುತ್ತಾ?" ಅಂತ ಕೇಳಿದರು. "ಮಾಹಿತಿ ಸಿಗಲಿಲ್ಲ ಮೇಡಂ" ಅಂದೆ. ಒಳ್ಳೇ ಮಾರ್ಕ್ಸೇ ಬಂತು.

ಮನೆಯಲ್ಲಿ ಹೇಳಲಿಲ್ಲ. ಹೇಳಿ ಏನು ಮಾಡೋದು? ಅಪ್ಪನ ಇಡೀ ದುಡಿಮೆ ಆ ಮನೆಯಲ್ಲಿತ್ತು. ಅಷ್ಟರಲ್ಲಿ ಕಾನೂನಿನ ಗೆರೆಯೂ ಓಡಾಡತೊಡಗಿತು. 2007ರಲ್ಲಿ ಒಪ್ಪಿಗೆಯಾದ ಮಾಸ್ಟರ್ ಪ್ಲಾನ್ 2015ರ ಪ್ರಕಾರ ಕೆರೆಯಿಂದ 30 ಮೀಟರ್, ಕಾಲುವೆಗಳ ದರ್ಜೆ ನೋಡಿಕೊಂಡು ಮಧ್ಯದಿಂದ 50, 25, 15 ಮೀಟರ್ ಬಿಡಬೇಕಿತ್ತು. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ ಅಂಚಿನಿಂದ 50, 35, 25 ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಮನೆ ಇದ್ದಲ್ಲೇ ಇತ್ತು, ಗೆರೆ ಮಾತ್ರ ಹಿಂದೆ ಮುಂದೆ ನಡೆದಾಡುತ್ತಿತ್ತು. 2016ರ ಆಗಸ್ಟ್‌ನಲ್ಲಿ ರಾಜಕಾಲುವೆ ಒತ್ತುವರಿ ಅಂತ ಬೆಂಗಳೂರಿನಲ್ಲಿ ಮನೆಗಳನ್ನು ಒಡೆದಾಗ ಅಪ್ಪ, ನಾನು ಒಟ್ಟಿಗೆ ಟಿವಿ ನೋಡುತ್ತಿದ್ದೆವು. ಇಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಟಿವಿ ಆರಿಸಿದರು.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆಲ್ಲ ನೆನಪಿರಬೇಕು. ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಮಳೆ. ಆ ರಾತ್ರಿ ನಮ್ಮನೆಗೂ ಹಿತ್ತಲ ಬಾಗಿಲಿಂದ ನೀರು ನುಗ್ಗಿತು. ನಾನು ಬೆಳಗ್ಗೆ ಹೋಗಿ ಮುಟ್ಟುವಷ್ಟರಲ್ಲಿ ಅಮ್ಮ ಮಂಚದ ಮೇಲೆ ಕಾಲು ಮೇಲಿಟ್ಟು ಕೂತಿದ್ದಳು. ಮಡಿಲಲ್ಲಿ ದೇವರ ಫೋಟೋ, ಪಾಸ್‌ಬುಕ್ಕು.

ನೀರು ಇಳಿದ ಮೇಲೆ, ಕೆಸರು ಗುಡಿಸುತ್ತಾ ಹೇಳಿಬಿಟ್ಟೆ. "ಅಪ್ಪಾ, ನಂಗೆ 2009ರಲ್ಲೇ ಗೊತ್ತಿತ್ತು."

ಅಪ್ಪ ಪೊರಕೆ ನಿಲ್ಲಿಸಲಿಲ್ಲ. "ನಂಗೆ 2001ರಲ್ಲೇ ಗೊತ್ತಿತ್ತು ಕಣೋ" ಅಂದರು. "ಪಾಯ ತೆಗೆಯುವಾಗ ಮೂರಡಿಗೇ ಕಪ್ಪು ಗೋಡು ಬಂತು. ಮೇಸ್ತ್ರಿ ನನ್ನ ಮುಖ ನೋಡಿದ. ಮೂವತ್ತೈದು ವರ್ಷ ಮಕ್ಕಳಿಗೆ ಸಮೋನ್ನತಿ ರೇಖೆ ಹೇಳಿಕೊಟ್ಟವನು ನಾನು. ತಗ್ಗು ಯಾವುದು, ದಿಣ್ಣೆ ಯಾವುದು ಗೊತ್ತಾಗಲ್ವಾ? ಆದ್ರೆ ಮೇಷ್ಟ್ರ ದುಡ್ಡಿಗೆ ದಿಣ್ಣೆ ಮೇಲೆ ಯಾರು ಸೈಟು ಕೊಡ್ತಿದ್ರು?"

ಎರಡು ವರ್ಷದ ನನ್ನ ಓದಿನಲ್ಲಿ ಕಣ್ತಪ್ಪಿದ್ದ ಪಾಠ ಅದು. ಪುಸ್ತಕದಲ್ಲಿ ಇರಲಿಲ್ಲ ಅಂತಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಹೆದ್ದಾರಿಗೆ ದಾರಿ ಹುಡುಕುವಾಗ ಮೆಕ್‌ಹಾರ್ಗ್ ನೆಲದ ಬೆಲೆಯನ್ನೂ ಒಂದು ಪದರ ಮಾಡಿದ್ದ. ಬೆಲೆ ಜಾಸ್ತಿ ಇದ್ದಲ್ಲಿ ಗಾಢ ಬಣ್ಣ, ಅಲ್ಲಿ ರಸ್ತೆ ಬೇಡ. ಹಾಗಾದರೆ ತಿಳಿಯಾಗಿ ಉಳಿಯೋದು ಯಾರ ಜಾಗ? ನಾನು ನೀರಿನ ಹಾಳೆ, ಮಣ್ಣಿನ ಹಾಳೆ ಎಲ್ಲ ಎಳೆದಿದ್ದೆ. ಬೆಲೆಯ ಹಾಳೆ ಎಳೆದಿದ್ದರೆ, ಕಾಲುವೆಯ ಗೆರೆ ಸಾಗಿದಲ್ಲೆಲ್ಲ ಅಗ್ಗದ ಸೈಟುಗಳು ಸಾಲಾಗಿ ಕಾಣುತ್ತಿದ್ದವು. ಆ ಸಾಲಿನಲ್ಲಿ ಒಬ್ಬ ಮೇಷ್ಟ್ರ ಮನೆ. ತಗ್ಗಿನಲ್ಲಿ ಕಟ್ಟಬಾರದು ಅಂತ ಬರೆಯೋ ಯೋಜನೆ, ತಗ್ಗಿನವರು ಎಲ್ಲಿಗೆ ಹೋಗಬೇಕು ಅಂತಲೂ ಬರೆಯಬೇಕು. ಬರೆಯದಿದ್ದರೆ ಅದು ಅರ್ಧ ಯೋಜನೆ.

ಹಾಗಂತ ಕಾಲುವೆ ಕಾಲುವೆಯೇ. ಅದನ್ನೂ ಹೇಳಿದ್ದು ಅಪ್ಪನೇ. ಮುಂದಿನ ವಾರ ನನ್ನ ಹಳೇ ಹಾಳೆ ತರಿಸಿಕೊಂಡು, ಕತ್ತರಿಸಿದ ಮೂಲೆ ಎಲ್ಲಿ ಅಂತ ಕೇಳಿದರು. ಇಲ್ಲ ಅಂದೆ. "ಮತ್ತೆ ಎಳಿ" ಅಂದರು. ಭೂಕಂದಾಯದ 'ದಿಶಾಂಕ್' ಆ್ಯಪಿನಲ್ಲಿ ಸರ್ವೆ ನಂಬರು ನೋಡಿಕೊಂಡು ಇಬ್ಬರೂ ಊಟದ ಮೇಜಿನ ಮೇಲೆ ಎಳೆದೆವು. ಎಂಬತ್ತು ವರ್ಷದ ಅಪ್ಪನ ಕೈ ನಡುಗುತ್ತಿತ್ತು, ಆದರೆ ಗೆರೆ ನನ್ನದಕ್ಕಿಂತ ನೇರ!

ತಿಂಗಳ ಕೊನೆಗೆ ಮೇಸ್ತ್ರಿ ಕರೆಸಿ ಹಿತ್ತಲಿನ ಕಾಂಪೌಂಡು, ಶೀಟಿನ ಕೋಣೆ ಎರಡನ್ನೂ ಒಡೆಸಿದರು. ಅಕ್ಕಪಕ್ಕದವರು ಬಂದು ಜಗಳ ತೆಗೆದರು. "ಮೇಷ್ಟ್ರೇ, ನೀವೇ ಒಡೆದ್ರೆ ನಾಳೆ ನಮ್ಮದಕ್ಕೂ ಗುರುತು ಹಾಕ್ತಾರೆ." ಅವರು ಹೇಳಿದ್ದು ತಪ್ಪೂ ಅಲ್ಲ. ಒಬ್ಬರು ಈಗಲೂ ಮಾತು ಬಿಟ್ಟಿದ್ದಾರೆ. ಅಮ್ಮನಿಗೆ ಒಗೆಯೋ ಕಲ್ಲು ಟೆರೇಸಿಗೆ ಹೋದ ಸಿಟ್ಟು ಇನ್ನೂ ಇಳಿದಿಲ್ಲ.

ಅದರಿಂದ ಏನಾಯ್ತು ಅಂತೀರಾ? ಆಮೇಲೆ ಮನೆಯೊಳಗೆ ನೀರು ಬಂದಿಲ್ಲ. ನಾಲ್ಕಡಿ ಬಿಟ್ಟಿದ್ದರಿಂದ ಅಂತ ಹೇಳೋಕೆ ನನ್ನ ಓದು ಬಿಡಲ್ಲ. ಅಷ್ಟು ಮಳೆಯೂ ನಮ್ಮ ಕಡೆ ಮತ್ತೆ ಬಿದ್ದಿಲ್ಲ, ಮೇಲಿನ ಮನೆಗಳ ಹಿಂದೆ ಕಾಲುವೆ ಇನ್ನೂ ಎರಡಡಿಯೇ ಇದೆ. 2023ರ ಜುಲೈನಲ್ಲಿ ಯಮುನೆ 208.66 ಮೀಟರಿಗೆ ಏರಿ, ನಾನು ಓದಿದ ಐಟಿಓ ರಸ್ತೆಯಲ್ಲೇ ಹರಿದಾಗ ಅಪ್ಪ ಫೋನ್ ಮಾಡಿ, "ನೋಡಿದ್ಯೇನೋ, ನದಿ ತನ್ನ ನಕ್ಷೆ ತಾನೇ ತೆಗೆದು ತೋರಿಸ್ತಿದೆ" ಅಂದಿದ್ದರು.

ಪುಟ್ಟಿ, ನೀನು ಖಂಡಿತ ಓದು. ಒಳ್ಳೇ ಓದು ಅದು. ಮೊದಲನೇ ನಕ್ಷೆ ಮಾತ್ರ ನಿಮ್ಮ ಮನೆಯದ್ದೇ ಎಳಿ. ಗೆರೆ ಎಲ್ಲಿ ಬಂದರೂ ಮೂಲೆ ಕತ್ತರಿಸಬೇಡ.

ನೀವೂ ಒಮ್ಮೆ ನಿಮ್ಮ ಮನೆಯ ಗ್ರಾಮನಕ್ಷೆ ತೆಗೆದು ನೋಡಿ. ಹಿತ್ತಲಲ್ಲಿ ಏನು ಸಿಕ್ಕಿತು ಅಂತ ನನಗೂ ಹೇಳಿ.