ನಿರೂಪಕನ ನಗು, ಬಾಯಿಮಾತಿನ ನಗು: ‘ಕಿರಗೂರಿನ ಗಯ್ಯಾಳಿಗಳು’ ಚಿತ್ರವನ್ನು ಕುರಿತು

ಬಂಟ್ವಾಳ, ಬೆಳ್ತಂಗಡಿಗಳನ್ನು ಹಾದು ಚಾರ್ಮಾಡಿ ಘಾಟಿಯನ್ನೇರಿದರೆ ಸಿಗುವುದು ಮೂಡಿಗೆರೆಯ ಸೀಮೆ, ಪೂರ್ಣಚಂದ್ರ ತೇಜಸ್ವಿಯವರ ಕಥಾಲೋಕ. ದಾರಿ ದೂರದ್ದಲ್ಲ, ಆದರೆ ಘಾಟಿಯ ಕೆಳಗಿನ ನಗುವಿನ ರೂಢಿಯೇ ಬೇರೆ. ಬಹುಪಾಲು ಜನರಿಗೆ ತುಳು ಮನೆಮಾತಾಗಿರುವ ಈ ಎರಡು ತಾಲ್ಲೂಕುಗಳಲ್ಲೂ ನೆರೆಯ ಮೂಡುಬಿದಿರೆಯಲ್ಲೂ ಹಾಸ್ಯವೆಂದರೆ ಪ್ರಧಾನವಾಗಿ ಬಾಯಿಮಾತು: ಯಕ್ಷಗಾನದ ಹಾಸ್ಯಗಾರ ರಂಗದಲ್ಲೇ ಹುಟ್ಟಿಸುವ ಮಾತು, ತುಳು ನಾಟಕದ ಸಂಭಾಷಣೆ. 2011ರ ತುಳು ಚಿತ್ರ ‘ಒರಿಯರ್ದೊರಿ ಅಸಲ್’ ಅದೇ ಹೆಸರಿನ ನಾಟಕದಿಂದ ಬಂದುದು. ಅಲ್ಲಿ ನಗು ರಂಗದಿಂದ ತೆರೆಗೆ ಸಲೀಸಾಗಿ ದಾಟಿತು.

ತೇಜಸ್ವಿಯವರ ನಗು ಹಾಗೆ ದಾಟುವಂಥದಲ್ಲ. 1991ರ ಸಂಕಲನಕ್ಕೆ ಹೆಸರು ಕೊಟ್ಟ ‘ಕಿರಗೂರಿನ ಗಯ್ಯಾಳಿಗಳು’ ಕಿರುಕಾದಂಬರಿಯಷ್ಟು ಹರಹುಳ್ಳ ನೀಳ್ಗತೆ. ಬಿರುಗಾಳಿಗೆ ಉರುಳಿದ ಮರವೊಂದು ಊರಿನ ಗಂಡಸರ ಜಾತಿಜಗಳವಾಗಿ ಬೆಳೆಯುತ್ತದೆ. ಕೊನೆಗೆ ಅದಕ್ಕೆ ಮದ್ದು ಅರೆಯುವವರು ಹೆಂಗಸರು. ಇಲ್ಲಿ ನಗಿಸುವುದು ಪಾತ್ರಗಳ ಮಾತಷ್ಟೇ ಅಲ್ಲ. ಅನಾಹುತವನ್ನೂ ಊರಿನ ವರ್ತಮಾನದಂತೆ ನಿರ್ವಿಕಾರವಾಗಿ ಹೇಳುವ ನಿರೂಪಕನ ದನಿ.

ಸುಮನಾ ಕಿತ್ತೂರು 2016ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಎದುರಾದ ನಿಜವಾದ ತೊಡಕು ಈ ದನಿಯದೇ. ತೆರೆಯ ಮೇಲೆ ಅದರ ಜಾಗವನ್ನು ಜಗಳ, ಬೈಗುಳ, ನಟರ ಮೈಮಾತು ತುಂಬಬೇಕಾಗುತ್ತದೆ. ಶ್ವೇತಾ ಶ್ರೀವಾತ್ಸವ್ ಅವರ ದಾನಮ್ಮ ಆ ಹೊಣೆಯನ್ನು ಹೊತ್ತ ಪಾತ್ರ. ಸಾಹಿತ್ಯಕೃತಿ ಸಿನಿಮಾ ಆದಾಗಲೆಲ್ಲ ವಿಮರ್ಶೆ ಮೊದಲು ಕೇಳುವುದು ‘ಮೂಲಕ್ಕೆ ನಿಷ್ಠವೇ?’ ಎಂದು. ಈ ಪ್ರಶ್ನೆ ಘಟನೆಗಳನ್ನು ಎಣಿಸಬಲ್ಲದು, ದನಿಯನ್ನಲ್ಲ. ಹಾಸ್ಯಕೃತಿಗೆ ಸಲ್ಲುವ ಪ್ರಶ್ನೆ ಬೇರೆ: ಇಲ್ಲಿ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ?

‘ಗಯ್ಯಾಳಿ’ ಎಂಬುದು ಹೆಣ್ಣಿನ ಬಾಯಿ ಮುಚ್ಚಿಸಲು ಬಳಕೆಯಾಗುವ ಬೈಗುಳ. ಕಥೆಯಲ್ಲಿ ನಿರೂಪಕನ ವ್ಯಂಗ್ಯ ಅದನ್ನು ಮೆಲ್ಲನೆ ಬಿರುದಾಗಿ ತಿರುಗಿಸುತ್ತದೆ. ನಿರೂಪಕನಿಲ್ಲದ ತೆರೆಯಲ್ಲಿ ಹೆಂಗಸರ ಬಾಯಬಿರುಸೇ ತಮಾಷೆಯ ಸರಕಾಗುವ ಅಪಾಯವಿದೆ. ಪ್ರೇಕ್ಷಕ ಗಂಡಸರ ಪಕ್ಷದಲ್ಲಿ ಕುಳಿತೇ ನಕ್ಕುಬಿಡಬಹುದು. ಆದರೆ ಲಾಭವೂ ಉಂಟು. ಪುಟದಲ್ಲಿ ಗಂಡಸು ನಿರೂಪಿಸಿದ ಸಿಟ್ಟು ಇಲ್ಲಿ ಹೆಣ್ಣುದನಿಯಲ್ಲೇ ಕೇಳುತ್ತದೆ.

ಶಾಲೆಯ ಕನ್ನಡವನ್ನಷ್ಟೇ ಬಲ್ಲ ತುಳುನಾಡಿನ ವಿದ್ಯಾರ್ಥಿಗೆ ಕಿರಗೂರಿನ ಬೈಗುಳ ಮನೆಮಾತೂ ಅಲ್ಲ, ಪಠ್ಯದ ಮಾತೂ ಅಲ್ಲ. ತರಗತಿಯಲ್ಲಿ ಪದಾರ್ಥ ಹೇಳಿದೊಡನೆ ಅದರ ನಗು ಆರಿಹೋಗುತ್ತದೆ. ಚಿತ್ರದಲ್ಲಿ ಅರ್ಥಕ್ಕೆ ಮೊದಲೇ ದನಿ ಮುಟ್ಟುತ್ತದೆ. ನಿರೂಪಕನ ನಗುವನ್ನು ಅರಿಯಲು ಪುಟವೇ ಬೇಕು, ಗಯ್ಯಾಳಿಯ ದನಿಯನ್ನು ಕೇಳಲು ತೆರೆ ಬೇಕು. ಒಂದನ್ನು ಇನ್ನೊಂದರ ನೆರಳೆಂದು ಅಳೆಯುವ ವಿಮರ್ಶೆ ಎರಡನ್ನೂ ಕಳೆದುಕೊಳ್ಳುತ್ತದೆ.