ಪುಣೆಯ ಎರಡು ಚಪ್ಪರಗಳು

ಪುಣೆಯನ್ನು ನೋಡಲು ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದೆಂದು ಊರಿನ ನೆಂಟರು ನಮ್ಮನ್ನು ಕೇಳುವುದುಂಟು. ನಮ್ಮ ಉತ್ತರ ಯಾವಾಗಲೂ ಒಂದೇ: ಡಿಸೆಂಬರಿನಲ್ಲಿ ಬನ್ನಿರಿ. ಆಗ ಇಲ್ಲಿಯ ಚಳಿ ಹಿತವಾಗಿರುತ್ತದೆ. ಪರ್ವತಿಯನ್ನಾಗಲಿ ಸಿಂಹಗಡವನ್ನಾಗಲಿ ಹತ್ತಿ ಇಳಿಯಲು ಬೇಸರವಾಗದು. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವ. ಪುಣೆಯವರು ಅದನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆನಿಸಿ 1952ರಲ್ಲಿ ತೀರಿಕೊಂಡ ಮರುವರ್ಷ, ಅವರ ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು ಮುಂದಾಗಿ ನಡೆಸಿದ ಪುಣ್ಯಸ್ಮರಣೆಯೇ ಇಂದಿನ ಈ ಮಹೋತ್ಸವಕ್ಕೆ ಬೀಜ ಎಂಬುದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. 2011ರಲ್ಲಿ ಭೀಮಸೇನರೂ ಹೋದ ಬಳಿಕ ಉತ್ಸವದ ಹೆಸರಿನಲ್ಲಿ ಗುರುವಿನ ಸಂಗಡ ಶಿಷ್ಯನ ಹೆಸರೂ ಸೇರಿಕೊಂಡಿತು.

ನಮ್ಮ ತೀರ್ಥರೂಪರು ರೇಲ್ವೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹುಬ್ಬಳ್ಳಿ, ಮೀರಜ, ಪುಣೆ ಈ ಮೂರು ಊರುಗಳ ನಡುವೆಯೇ ಅವರ ಆಯುಷ್ಯದ ಬಹುಭಾಗ ಕಳೆದಿದೆ. ಉತ್ಸವವು ರಮಣಬಾಗ ಶಾಲೆಯ ಅಂಗಳದಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಕಂಬಳಿ ಹೊದ್ದು ಬೆಳತನಕ ಕೂತು ಭೀಮಸೇನರನ್ನು ಕೇಳಿದ ಭಾಗ್ಯ ಅವರದು. ಈಗ ಹಾಗೆ ಬೆಳತನಕ ಕೂರುವಂತಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳ ಪ್ರಕಾರ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಅಪ್ಪಣೆಯಿಲ್ಲ. ವರ್ಷದಲ್ಲಿ ಕೆಲವೇ ದಿನ ಹನ್ನೆರಡರ ತನಕ ಸಡಿಲಿಸಬಹುದು. ಹೀಗಾಗಿ ನಸುಕಿನ ರಾಗಗಳಿಗೆ ಆ ಚಪ್ಪರದಲ್ಲಿ ನಸುಕೇ ಇಲ್ಲದಂತಾಯಿತು. 2018ರಿಂದ ಚಪ್ಪರವೂ ಮುಕುಂದನಗರದ ಮೈದಾನಕ್ಕೆ ಹೋಯಿತು.

ಈ ಚಪ್ಪರದಲ್ಲಿ ಕೂತಾಗ ವಾಚಕರು ಗಾಯಕರನ್ನಲ್ಲದೆ ಅವರ ಬೆನ್ನ ಹಿಂದೆಯೂ ಸ್ವಲ್ಪ ನೋಡಬೇಕು. ಇಬ್ಬರು ಶಿಷ್ಯರು ತಂಬೂರಿ ಹಿಡಿದು ಕೂತಿರುತ್ತಾರೆ. ಅನೇಕ ಸಲ ಅವರ ಮಗ್ಗುಲಲ್ಲಿ ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆಯೂ ಇರುತ್ತದೆ. ಅದೇ ವಿದ್ಯುತ್ ತಂಬೂರಿ. ಅದರ ತವರುಮನೆ ನಮ್ಮ ಬೆಂಗಳೂರು. ಕೊಳಲು ನುಡಿಸಬಲ್ಲ ಎಂಜಿನಿಯರರಾದ ಜಿ. ರಾಜನಾರಾಯಣ್ ಎಂಬವರು ಸುಮಾರು 1970ರ ದಶಕದಲ್ಲಿ ಇಂಥ ಯಂತ್ರಗಳನ್ನು ಕಟ್ಟಲು ತೊಡಗಿದರು. ರಾಡೆಲ್ ಎಂಬ ಅವರ ಸಂಸ್ಥೆಯ ಶ್ರುತಿಪೆಟ್ಟಿಗೆ, ತಾಳಪೆಟ್ಟಿಗೆಗಳು ದೇಶದ ಮನೆಮನೆಗಳನ್ನು ಸೇರಿದವು. ಮೀರಜದ ಕುಶಲಿಗರು ಪಂಢರಪುರದ ಕಡೆಯ ಭೀಮಾತೀರದ ಒಣಗಿದ ಕುಂಬಳಬುರುಡೆಗೆ ಕಟ್ಟಿಗೆಯ ಕೊರಳು ಕೂಡಿಸಿ, ತಂತಿ ಬಿಗಿದು, ಅದರ ಕೆಳಗೆ ದಾರದ ಎಳೆಯೊಂದನ್ನು ಸರಿಸಿ ಜೀವಾರಿ ಹಚ್ಚುತ್ತಾರಲ್ಲ, ಆ ಝೇಂಕಾರವನ್ನು ಈ ಪೆಟ್ಟಿಗೆ ವಿದ್ಯುತ್ತಿನ ಕಂಪನದಿಂದ ಹುಟ್ಟಿಸುತ್ತಿತ್ತು. ಈಚಿನವುಗಳಲ್ಲಿ ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ತುಂಬಿಟ್ಟಿರುತ್ತಾರೆ.

ಬಾಡಿಗೆಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಇದು ದೊಡ್ಡ ಉಪಕಾರವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ನಾಲ್ಕು ಅಡಿಯ ತಂಬೂರಿಯನ್ನು ನಾವು ಇಡುವುದೆಲ್ಲಿ? ಇಟ್ಟರೂ ಮೀಟುವವರು ಯಾರು? ಊರಲ್ಲಾದರೆ ಅತ್ತೆಯೋ ನೆರೆಮನೆಯ ಹುಡುಗಿಯೋ ಬಂದು ಕೂತಾಳು. ಇಲ್ಲಿ ಕಲಿಯುವವಳು ಒಬ್ಬಳೇ. ಪೆಟ್ಟಿಗೆಯ ಗುಂಡಿ ಒತ್ತಿದರೆ ಅವಳಿಗೆ ಜೊತೆ ಸಿಕ್ಕಿತು.

ಇನ್ನು ಎರಡನೆಯ ಚಪ್ಪರದ ಮಾತು. ಸನ್‌ಬರ್ನ್ ಎಂಬ ವಿದ್ಯುತ್ ಸಂಗೀತದ ಜಾತ್ರೆ 2007ರಿಂದ ಗೋವೆಯಲ್ಲಿ ನಡೆಯುತ್ತಿದ್ದುದು 2016ರಲ್ಲಿ ಪುಣೆಗೆ ಬಂದಿತು; 2018ರ ತನಕ ಇಲ್ಲಿದ್ದು ಮರಳಿ ಗೋವೆಗೆ ಹೋಯಿತು. ಮೊದಲ ವರ್ಷ ಅದು ನಗರ ರಸ್ತೆಯ ವಾಘೋಲಿಯಿಂದ ಒಳಗಿರುವ ಕೇಸನಂದದ ಗುಡ್ಡದ ಮೇಲೆ ಕೂಡಿತ್ತು. ನಮ್ಮ ಚಿಕ್ಕಪ್ಪನ ಮಗ ಧಾರವಾಡದಿಂದ ಎಂಜಿನಿಯರಿಂಗ್ ಕಲಿಯಲು ಬಂದು ಆಗ ನಮ್ಮಲ್ಲಿಯೇ ಇದ್ದನು. "ಅಣ್ಣಾ, ನೀವೂ ಒಮ್ಮೆ ನೋಡ್ರಿ" ಎಂದು ಅವನು ಹಟ ಹಿಡಿದುದರಿಂದ ನಾವೂ ಹೊರಟೆವು. ನೋಟು ರದ್ದಾಗಿ ಎರಡು ತಿಂಗಳು ತುಂಬಿರಲಿಲ್ಲ. ಕಿಸೆಯೂ ಹಗುರು, ಚಳಿಗಾಲದ ಸಂಜೆಯೂ ಹಗುರು. ಸಿಟಿ ಬಸ್ಸಿನಲ್ಲಿ ವಾಘೋಲಿಯ ತನಕ, ಮುಂದೆ ಹಂಚಿಕೆಯ ರಿಕ್ಷಾದಲ್ಲಿ, ಕೊನೆಗೆ ಧೂಳಿನ ದಾರಿಯಲ್ಲಿ ಕಾಲ್ನಡಿಗೆ. ಯಲ್ಲಮ್ಮನ ಗುಡ್ಡಕ್ಕೆ ಹೋದಂತೆಯೇ ಇತ್ತು. ಭಂಡಾರ ಮಾತ್ರ ಇರಲಿಲ್ಲ.

ಗುಡ್ಡದ ಮೇಲೆ ಅರಮನೆಯಷ್ಟು ಎತ್ತರದ ರಂಗ, ಕಣ್ಣು ಕುಕ್ಕುವ ದೀಪಗಳು. ಅಷ್ಟು ದೊಡ್ಡ ರಂಗದ ನಡುವೆ ಮೇಜೊಂದರ ಹಿಂದೆ ಒಬ್ಬನೇ ಮನುಷ್ಯ! ಸಿತಾರಿಲ್ಲ, ತಬಲಾ ಇಲ್ಲ, ಪಕ್ಕವಾದ್ಯದವರಿಲ್ಲ. ಅವನು ಗುಂಡಿ ತಿರುಗಿಸಿದಾಗಲೆಲ್ಲ ಸಾವಿರಾರು ಜನ ಒಟ್ಟಿಗೆ ನೆಗೆಯುತ್ತಿದ್ದರು. ಕೆಳಸ್ಥಾಯಿಯ ನಾದ ಕಿವಿಗೆ ತಾಗುವ ಮೊದಲು ಎದೆಯ ಗೂಡಿಗೆ ತಾಗುತ್ತಿತ್ತು. ಅವನು ಅಲ್ಲಿ ಹೊಸದಾಗಿ ನುಡಿಸುವುದಕ್ಕಿಂತ, ಮುಂಚೆಯೇ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂತು ಒಂದೊಂದು ಧ್ವನಿಯನ್ನು ಕೆತ್ತಿ ಜೋಡಿಸಿದ್ದನ್ನು ಕೇಳಿಸುವುದೇ ಹೆಚ್ಚು ಎಂದು ನಮ್ಮ ಹುಡುಗ ತಿಳಿಸಿದನು. ಈ ಕಲೆಯ ನಿಜವಾದ ಕಚೇರಿ ರಂಗವಲ್ಲ, ಆಲ್ಬಮ್ ಎಂಬುದು ಅವನ ವಾದ.

ಮನೆಯಲ್ಲಿ ಇದಕ್ಕೆ ದೊಡ್ಡ ಜಗಳವೇ ಆಯಿತು. ಹುಡುಗನು ಇರುಳೆಲ್ಲ ಕಿವಿಗೆ ಮುಚ್ಚಿಗೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುವುದು ತೀರ್ಥರೂಪರಿಗೆ ಸೇರುತ್ತಿರಲಿಲ್ಲ. ಒಂದು ದಿನ ಅವನು ಮುಚ್ಚಿಗೆ ತೆಗೆದು ಗಟ್ಟಿಯಾಗಿ ಹಚ್ಚಿದಾಗ ಅವರು, "ಇದೇನು ಹಾಡೇನೋ? ಹಿಟ್ಟಿನ ಗಿರಣಿ ಸಪ್ಪಳ!" ಎಂದರು. ಅವನೂ ಬಿಡಲಿಲ್ಲ: "ದೊಡ್ಡಪ್ಪ, ನಿಮ್ಮ ತಂಬೂರಿ ಡಬ್ಬಿನೂ ಕರೆಂಟಿನ ಮ್ಯಾಲೇ ನಡೀತದಲ್ಲ." ತೀರ್ಥರೂಪರು ಎದ್ದು ಹೊರಗೆ ಹೋದರು. ಎಂಟು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಹುಡುಗನು ವಸತಿಗೃಹಕ್ಕೆ ಹೋಗುತ್ತೇನೆಂದು ಗಂಟು ಕಟ್ಟುವ ಮಾತಾಡಿದನು. ಪರಸ್ಥಳದಲ್ಲಿ ನಮ್ಮವರೆಂದು ಇರುವವರೇ ನಾಲ್ಕು ಜನ. ಅವರೂ ರಾಗಕ್ಕಾಗಿ ಒಡೆದುಹೋದರೆ ಏನು ಗತಿ ಎಂದು ನಮಗೆ ಚಿಂತೆ ಹತ್ತಿತು.

ಈ ಕಲಹದ ದೆಸೆಯಿಂದಲೇ ನಾವು ಈ ಸಂಗೀತದ ಪೂರ್ವೋತ್ತರಗಳನ್ನು ಕೆದಕಿದ್ದು. ನೋಡುತ್ತ ಹೋದರೆ ಆಶ್ಚರ್ಯವಾಯಿತು. ಇದು ನಿನ್ನೆ ಮೊನ್ನೆ ಪರದೇಶದಿಂದ ಇಳಿದು ಬಂದ ಸರಕೆಂದು ನಾವೆಲ್ಲ ತಿಳಿದಿರುತ್ತೇವೆ. ಆದರೆ 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಯಂತ್ರವನ್ನು ಸ್ಥಾಪಿಸಿ ಇಂಥ ಸಂಗೀತಕ್ಕೆಂದೇ ಕಾರ್ಯಶಾಲೆ ತೆರೆದಿದ್ದರು. ಅಮೇರಿಕದ ಡೇವಿಡ್ ಟ್ಯೂಡರ್ ಬಂದು ಅದನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ, ಅತುಲ ದೇಸಾಯಿ ಮೊದಲಾದವರು ಅಲ್ಲಿ ಕೂತು ಪ್ರಯೋಗ ಮಾಡಿದರು. ಆ ಧ್ವನಿಸುರುಳಿಗಳು ಹತ್ತಿರ ಹತ್ತಿರ ಅರ್ಧ ಶತಮಾನ ಕಪಾಟಿನಲ್ಲಿದ್ದು, 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಎಂಬ ಆಲ್ಬಮ್ ಆಗಿ ಹೊರಬಂದವು.

ಇದಕ್ಕಿಂತ ಸ್ವಾರಸ್ಯದ ಕಥೆ ಮುಂಬಯಿಯ ಚರಣಜಿತ್ ಸಿಂಗರದು. ಅವರು ಸಿನೇಮಾ ಹಾಡುಗಳಿಗೆ ವಾದ್ಯ ನುಡಿಸಿ, ಮದುವೆ ಮುಂಜಿವೆಗಳಲ್ಲಿ ತಂಡ ಕಟ್ಟಿಕೊಂಡು ಹಾಡಿ ಸಂಸಾರ ಸಾಗಿಸಿದವರು. ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು 1982ರಲ್ಲಿ ಅವರು ಒಂದು ಆಲ್ಬಮ್ ಮಾಡಿದರು: ಭೈರವಿ, ಲಲಿತ, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ, ಯಮನ, ಕಲಾವತಿ, ಮಾಲಕಂಸ, ಬೈರಾಗಿ, ಹೀಗೆ ಹತ್ತು ರಾಗ, ಎಲ್ಲವೂ ಡಿಸ್ಕೋ ಗತಿಯಲ್ಲಿ. ಎಚ್.ಎಂ.ವಿ. ಕಂಪನಿ ಅದನ್ನು ಪ್ರಕಟಿಸಿತು, ಕೊಳ್ಳುವವರು ಸಿಗಲಿಲ್ಲ. ಹಳೆಯ ರೆಕಾರ್ಡುಗಳನ್ನು ಹುಡುಕುತ್ತಿದ್ದ ಡಚ್ ಗೃಹಸ್ಥರೊಬ್ಬರ ಕಣ್ಣಿಗೆ ಬಿದ್ದು 2010ರಲ್ಲಿ ಅದು ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಏಕೆಂದರೆ ಶಿಕಾಗೋದ ತರುಣರು 1987ರಲ್ಲಿ ಹೊರತಂದು ಹೊಸ ಸಂಪ್ರದಾಯಕ್ಕೆ ನಾಂದಿ ಹಾಡಿದರೆಂದು ಎಲ್ಲರೂ ಹೇಳುತ್ತಿದ್ದ ಧ್ವನಿ, ಅದಕ್ಕೆ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಮೂಡಿತ್ತು. ಇಳಿವಯಸ್ಸಿನಲ್ಲಿ ಪರದೇಶಗಳಿಗೆ ಹೋಗಿ ನುಡಿಸಿ ಬಂದ ಸಿಂಗರು 2015ರಲ್ಲಿ ತೀರಿಕೊಂಡರು.

ಆ ಮೂರು ಯಂತ್ರಗಳಲ್ಲಿ ಒಂದರ ಹೆಸರು ಟಿಬಿ-303. ಅದರ ಜಾತಕವನ್ನು ತಿಳಿದಾಗ ನಮಗೆ ಬೆಂಗಳೂರಿನ ಪೆಟ್ಟಿಗೆ ನೆನಪಾಯಿತು. ಗಿಟಾರು ನುಡಿಸುವವನಿಗೆ ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡುವಾಗ ಕೆಳಸ್ಥಾಯಿಯ ಜೊತೆಗಾರನಿರಲಿ ಎಂದು ಮಾಡಿದ ಯಂತ್ರವದು! ಅದರ ಧ್ವನಿ ನಿಜವಾದ ವಾದ್ಯದಂತೆ ಕೇಳುವುದಿಲ್ಲವೆಂದು ಜನ ಮೂದಲಿಸಿದರು. 1984ರಲ್ಲಿ ತಯಾರಿಕೆಯೇ ನಿಂತಿತು. ಬಳಿಕ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಈ ಯಂತ್ರಗಳಿಂದಲೇ ಶಿಕಾಗೋದ ಹುಡುಗರು ತಮ್ಮ ಸಂಗೀತ ಕಟ್ಟಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಆ ಯಂತ್ರಕ್ಕುಂಟು. ನಮ್ಮವರು ಮೀಂಡ್ ಎನ್ನುವುದಕ್ಕೆ ಅದು ದೂರದ ನೆಂಟ. ಸಿಂಗರು ಹಿಡಿದದ್ದು ಆ ನೆಂಟಸ್ತಿಕೆಯನ್ನೇ.

ಹೀಗೆ ಗೋಡೆಯ ಈಚೆ ತಂಬೂರಿಪೆಟ್ಟಿಗೆ, ಆಚೆ ಹುಡುಗನ ಕಂಪ್ಯೂಟರು, ಎರಡೂ ಒಂದೇ ಅಗತ್ಯದಿಂದ ಹುಟ್ಟಿದವು ಎಂದು ನಮಗೆ ತೋರಿತು. ಜೊತೆಗಾರರಿಲ್ಲದ ಮನುಷ್ಯ ಕೋಣೆಯಲ್ಲಿ ಕೂತು ನಾದವನ್ನು ಅರಸುವುದು, ಅಷ್ಟೇ. ಊರು ಬಿಟ್ಟು ಬಂದ ನಮಗಿಂತ ಚೆನ್ನಾಗಿ ಇದನ್ನು ಯಾರು ಬಲ್ಲರು? 1998ರಲ್ಲಿ 'ಓಕೆ' ಎಂಬ ಆಲ್ಬಮ್ ಮಾಡಿ ಮರುವರ್ಷ ಇಂಗ್ಲೆಂಡಿನ ಮರ್ಕ್ಯುರಿ ಬಹುಮಾನ ಪಡೆದ ತಬಲಾವಾದಕ ತಲ್ವಿನ್ ಸಿಂಗ್, 2001ರಲ್ಲಿ 'ರಿಯಲೈಜ್' ತಂದ ನ್ಯೂಯಾರ್ಕಿನ ಕರ್ಶ್ ಕಾಳೆ, ಇಬ್ಬರೂ ವಲಸೆ ಬಂದ ಭಾರತೀಯ ಮನೆಗಳಲ್ಲಿ ಬೆಳೆದವರೆಂಬುದು ಆಕಸ್ಮಿಕವಿರಲಾರದು. ಇಲ್ಲಿಯೇ ಇರುವವರೂ ಹಿಂದೆ ಬಿದ್ದಿಲ್ಲ. ನ್ಯೂಕ್ಲಿಯಾ ಎಂಬ ಹೆಸರಿನ ಉದಯನ್ ಸಾಗರ್ ಬೀದಿಯ ಬ್ಯಾಂಡಿನ ಅಬ್ಬರವನ್ನು ಯಂತ್ರಕ್ಕೆ ತಂದು, 2015ರಲ್ಲಿ 'ಬಾಸ್ ರಾಣಿ' ಎಂಬ ಆಲ್ಬಮ್ ಹೊರಡಿಸಿದರು. ಲಕ್ಷ್ಮೀ ರಸ್ತೆಯ ಗಣಪತಿ ಮೆರವಣಿಗೆಯಲ್ಲಿ ಢೋಲ್ ತಾಶೆಯ ಪೆಟ್ಟಿಗೆ ಕಾಲು ಕುಣಿಸಿದವರಿಗೆ ಅದು ಪರಕೀಯವೆನಿಸಲಾರದು.

ಇಷ್ಟನ್ನೆಲ್ಲ ಓದಿಕೊಂಡ ಮೇಲೆ ಒಂದು ರವಿವಾರ ನಸುಕಿನಲ್ಲಿ, ಹುಡುಗನಿಂದಲೇ ಸಿಂಗರ ಲಲಿತವನ್ನು ಮೆಲ್ಲಗೆ ಹಚ್ಚಿಸಿದೆವು. ತೀರ್ಥರೂಪರು ಚಹಾದ ಬಟ್ಟಲು ಹಿಡಿದು ಕೂತಿದ್ದರು, ಎದ್ದು ಹೋಗಲಿಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಮಧ್ಯಮ ಸರಿ ಹಚ್ಯಾನ. ಸುಳ್ಳು ಹೇಳಿಲ್ಲ. ಆದರ ಮಧ್ಯಮದ ಮ್ಯಾಲೆ ಕೂಡೂದಿಲ್ಲ, ಓಡಿಹೋಗತಾನ" ಎಂದರು. ಹುಡುಗನು ವಾದಿಸಲಿಲ್ಲ. "ಗತಿ ಇಳಿಸಿ ಕೂಡಿಸಿದರ ಹ್ಯಾಂಗ ದೊಡ್ಡಪ್ಪ?" ಎಂದು ಕೇಳಿದನು. ವಸತಿಗೃಹದ ಮಾತು ಆ ಮೇಲೆ ಏಳಲಿಲ್ಲ. ತೀರ್ಥರೂಪರಿಗೆ ಕೇಸನಂದದ ಸಂಗೀತ ಇಂದಿಗೂ ಗಿರಣಿಯೇ. ಆದರೆ ಯಾವ ಗಿರಣಿಯಲ್ಲಿ ಹಿಟ್ಟು ನುಣ್ಣಗೆ ಬರುತ್ತದೆ ಎಂದು ಈಗ ವಿಚಾರಿಸುತ್ತಾರೆ.

ತೀರ್ಥರೂಪರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕೈಯಲ್ಲಿ ಹಿಡಿದ ತಂಬೂರಿ ಚಳಿಗೆ, ಬೆವರಿಗೆ ಶ್ರುತಿ ಬಿಡುತ್ತದೆ. ಮತ್ತೆ ಮತ್ತೆ ಕಿವಿಗೊಟ್ಟು ಕೂಡಿಸಬೇಕಾಗುತ್ತದೆ. ಆ ಕೂಡಿಸುವುದೇ ಅರ್ಧ ವಿದ್ಯೆ. ಪೆಟ್ಟಿಗೆ ಶ್ರುತಿ ಬಿಡುವುದಿಲ್ಲ. ಆದುದರಿಂದ ಕಲಿಯುವವರ ಕಿವಿ ಸೋಮಾರಿಯಾಗುವ ಭಯ ಉಂಟು. ಆದರೆ ಈ ಭಯ ಗುಂಡಿ ಒತ್ತಿ ಸುಮ್ಮನಾಗುವವರಿಗೆ. ಒಂದು ಧ್ವನಿಯನ್ನು ನೂರು ಸಲ ತಿದ್ದುವವನ ಕಿವಿ ಸೋಮಾರಿಯಾಗುವುದು ಹೇಗೆ? ಯಂತ್ರಕ್ಕೆ ಹೆದರಿದವರಿಗೆ ಇನ್ನೊಂದು ಮಾತು. ಸವಾಯಿ ಗಂಧರ್ವರ ಉತ್ಸವವನ್ನು ಕೊನೆಯ ದಿನ ಆ ಮಹನೀಯರ ಹಳೆಯ ಧ್ವನಿಮುದ್ರಿಕೆಯ ಭೈರವಿಯಿಂದ ಮುಗಿಸುವ ಪದ್ಧತಿಯುಂಟು. ರಂಗದ ಮೇಲೆ ಹಾಡುವವರು ಯಾರೂ ಇರುವುದಿಲ್ಲ. ಸಾವಿರಾರು ಜನ ಉಸಿರು ಹಿಡಿದು ಕೇಳುವುದು ಒಂದು ರೆಕಾರ್ಡನ್ನು.

ಡಿಸೆಂಬರಿನಲ್ಲಿ ಪುಣೆಗೆ ಬರುವ ವಾಚಕರು ಮುಕುಂದನಗರದ ಚಪ್ಪರಕ್ಕೆ ಅಗತ್ಯವಾಗಿ ಹೋಗಬೇಕು. ಚಾಪೆ, ಶಾಲು ಸಂಗಡವಿರಲಿ. ಎರಡನೆಯ ಚಪ್ಪರ ಈಗ ಕೇಸನಂದದಲ್ಲಿಲ್ಲ. ಅದಕ್ಕಾಗಿ ಅಲ್ಲಿಯ ತನಕ ಹೋಗಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಹುಡುಗನ ಕೋಣೆಯ ಬಾಗಿಲು ತಟ್ಟಿ, ಏನು ಕೇಳುತ್ತಿದ್ದೀಯೆಂದು ವಿಚಾರಿಸಿದರೆ ಸಾಕು.